ಬಾಲ್ಯದ ಚಿತ್ರ, ಬಾಲ್ಯದ ಆಟ: ಮಕ್ಕಳೊಡನೆ ಮತ್ತೊಮ್ಮೆ

ವಾಚಕರೆ, ನಿಮ್ಮ ಮನೆಯಲ್ಲಿ ಎಂಟೋ ಹತ್ತೋ ವರ್ಷದ ಮಗುವೊಂದಿದ್ದರೆ ಈ ಅನುಭವ ನಿಮಗೂ ಆಗಿರಬೇಕು. ನೀವು ಬಾಲ್ಯದಲ್ಲಿ ಕಂಡು ಬೆರಗಾಗಿದ್ದ ಚಲಚ್ಚಿತ್ರವೊಂದನ್ನು ರಜೆಯ ಸಂಜೆ ಹುಡುಕಿ ಹಾಕುತ್ತೀರಿ; ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೀರಿ. ಹತ್ತು ನಿಮಿಷವಾಗುವುದರೊಳಗೆ ಮಗು ಎದ್ದುಹೋಗುತ್ತದೆ. ಬಾಯಿಬಿಟ್ಟು ಹೇಳದಿದ್ದರೂ ನಿಮಗೂ ಚಿತ್ರ ಹಿಂದಿನಷ್ಟು ರುಚಿಸುವುದಿಲ್ಲ. ಇದಕ್ಕೆ ಕಾರಣವೇನು? ಈಗಿನ ಮಕ್ಕಳಿಗೆ ತಾಳ್ಮೆಯಿಲ್ಲವೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ವಿಷಯ ಅಷ್ಟು ಸರಳವಾದುದಲ್ಲ.

ಅಂದು ನಾವು ನೋಡಿದ್ದು ಬರಿಯ ಚಿತ್ರವನ್ನಲ್ಲ ಎಂಬುದನ್ನು ಮೊದಲು ನೆನೆಯಬೇಕು. 1970 ಮತ್ತು 80ರ ದಶಕಗಳಲ್ಲಿ ನಮ್ಮ ಕಡೆಯ ಎಷ್ಟೋ ಹಳ್ಳಿಗಳಿಗೆ ಸಿನಿಮಾ ಎಂದರೆ ಟೂರಿಂಗ್ ಟಾಕೀಸು. ನೆಲ, ಬೆಂಚು, ಕುರ್ಚಿ ಎಂಬ ತರಗತಿಗಳು. ಆಟಕ್ಕೆ ಮುಂಚೆ ಊರಿಗೆಲ್ಲ ಕೇಳುವಂತೆ ಮೈಕಿನಲ್ಲಿ ಹಾಡು. ಮೂವತ್ತೈದು ಮಿಲಿಮೀಟರಿನ ಸುರುಳಿ ಸೆಕೆಂಡಿಗೆ 24 ಚಿತ್ರಗಳಂತೆ ಓಡುವಾಗ 1000 ಅಡಿ ಮುಗಿಯಲು ಸುಮಾರು 11 ನಿಮಿಷ ಸಾಕು. ಒಂದೇ ಯಂತ್ರವಿದ್ದ ಡೇರೆಯಲ್ಲಿ ಸುರುಳಿ ಬದಲಿಸುವಾಗಲೆಲ್ಲ ಕತ್ತಲೆ, ಶಿಳ್ಳೆ, ಕಡಲೆಕಾಯಿ. ವರ್ಷಕ್ಕೆ ನಾಲ್ಕಾರು ಚಿತ್ರ ಸಿಕ್ಕರೆ ಪುಣ್ಯ. ಆ ಕಾಯುವಿಕೆ, ಆ ಗುಂಪು, ನಡೆದು ಹೋಗಿಬರುತ್ತಿದ್ದ ರಾತ್ರಿಯ ದಾರಿ, ಇವೆಲ್ಲವೂ ಚಿತ್ರದ ರುಚಿಯಲ್ಲಿ ಸೇರಿದ್ದವು. ಇಂದು ಅಂಗೈಯ ಯಂತ್ರದಲ್ಲಿ ದೊರೆಯುವುದು ಚಿತ್ರ ಮಾತ್ರ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಸ್ಥಳಕ್ಕಷ್ಟೇ ಅಲ್ಲ, ಕಾಲಕ್ಕೂ ಸಲ್ಲುತ್ತದೆ.

ಹಾಗಾದರೆ ಹಳೆಯ ಚಿತ್ರಗಳನ್ನು ಮರಳಿ ನೋಡುವುದು ವ್ಯರ್ಥವೆ? ಅಲ್ಲ. ತಂದೆತಾಯಿಗಳಾದ ಮೇಲೆ ನಾವು ನೋಡುವುದು ಅದೇ ಚಿತ್ರದೊಳಗಿನ ಬೇರೊಂದು ಚಿತ್ರವನ್ನು. 1985ರ ‘ಬೆಟ್ಟದ ಹೂವು’ ಚಿತ್ರವನ್ನೇ ತೆಗೆದುಕೊಳ್ಳಿ. ಶರ್ಲಿ ಅರೋರಾ ಎಂಬ ಲೇಖಕಿಯ ಇಂಗ್ಲಿಷ್ ಕಾದಂಬರಿಯನ್ನು ಆಧರಿಸಿ ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಈ ಚಿತ್ರದ ಅಭಿನಯಕ್ಕಾಗಿ ಬಾಲಕ ಪುನೀತ್ ರಾಜ್‌ಕುಮಾರರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ ಕೊಳ್ಳಬೇಕೆಂಬ ಆಸೆಯಿಂದ ಬಡ ಹುಡುಗ ಕಾಡಿನ ಹೂಗಳನ್ನು ತಂದುಕೊಟ್ಟು ಕಾಸು ಕೂಡಿಸುತ್ತಾನೆ. ಕೊನೆಗೆ ಆ ಹಣ ಚಳಿಯಲ್ಲಿ ನಡುಗುವ ಮನೆಯವರ ಕಂಬಳಿಗಾಗುತ್ತದೆ. ಎಳೆಯ ವಯಸ್ಸಿನಲ್ಲಿ ನೋಡುವಾಗ ಮನಸ್ಸು ಕೈತಪ್ಪಿದ ಪುಸ್ತಕದ ಕಡೆಗಿರುತ್ತದೆ. ನಡುವಯಸ್ಸಿನಲ್ಲಿ ನೋಡುವಾಗ ಕಣ್ಣು ಕಂಬಳಿಯ ಮೇಲೆ ನಿಲ್ಲುತ್ತದೆ. ಮಗನ ಆಸೆಯನ್ನು ಹೊದ್ದು ಮಲಗಬೇಕಾದ ಹೆತ್ತವರ ಸಂಕಟ ತಿಳಿಯುತ್ತದೆ.

ಪುನೀತರು ಪ್ರಹ್ಲಾದನಾಗಿಯೂ ತಂದೆ ರಾಜ್‌ಕುಮಾರರು ಹಿರಣ್ಯಕಶಿಪುವಾಗಿಯೂ ಅಭಿನಯಿಸಿದ 1983ರ ‘ಭಕ್ತ ಪ್ರಹ್ಲಾದ’ವೂ ಹೀಗೆಯೇ. ಮಕ್ಕಳಾಗಿದ್ದಾಗ ನಾವೆಲ್ಲ ಪ್ರಹ್ಲಾದನ ಪಕ್ಷ. ಈಗ ನೋಡಿದರೆ ಹಿರಣ್ಯಕಶಿಪುವಿನ ಒಂದು ಬೇನೆ ನಮಗೂ ಅಂಟಿರುವುದು ಕಾಣುತ್ತದೆ: ತನಗೆ ಪ್ರಿಯವಾದುದೇ ಮಗನಿಗೂ ಪ್ರಿಯವಾಗಲೇಬೇಕೆಂಬ ಹಟ. “ನಾನು ಮೆಚ್ಚಿದ ಚಿತ್ರವನ್ನು ನೀನೂ ಮೆಚ್ಚು” ಎಂದು ಮಗುವಿನ ತೋಳು ಹಿಡಿದು ಕೂರಿಸುವ ತಂದೆ, ಗದೆಯಿಲ್ಲದಿದ್ದರೂ, ಅದೇ ವಂಶದವನಲ್ಲವೆ?

ಇನ್ನು ಆಟಗಳ ವಿಚಾರ. ಇಂದು ನಲವತ್ತರ ಆಸುಪಾಸಿನಲ್ಲಿರುವ ತಂದೆತಾಯಿಗಳು 1990ರ ದಶಕದಲ್ಲಿ ಟಿ.ವಿ.ಗೆ ಜೋಡಿಸಿ ಆಡುತ್ತಿದ್ದ ವಿಡಿಯೊ ಗೇಮುಗಳನ್ನು ಮತ್ತೆ ಹುಡುಕಿ ಆಡುತ್ತಿದ್ದಾರೆ. ಅವುಗಳಲ್ಲಿ ಪ್ರಸಿದ್ಧವಾದ ‘ಸೂಪರ್ ಮಾರಿಯೊ ಬ್ರದರ್ಸ್’ ಜಪಾನಿನಲ್ಲಿ ಹೊರಬಂದುದು 1985ರಲ್ಲಿ. ಆ ಇಡೀ ಆಟ ಅಡಗಿದ್ದುದು ಕೇವಲ 40 ಕಿಲೋಬೈಟುಗಳಲ್ಲಿ; ಇಂದಿನ ಮೊಬೈಲಿನ ಒಂದು ಛಾಯಾಚಿತ್ರಕ್ಕೂ ಅದರ ಹತ್ತಾರು ಪಾಲು ಸ್ಥಳ ಬೇಕು. ಆದುದರಿಂದಲೇ ಅದರ ಕರ್ತೃಗಳು ಒಂದೇ ಆಕೃತಿಗೆ ಬಿಳಿಯ ಬಣ್ಣವಿತ್ತು ಮೋಡವೆಂದೂ ಹಸುರು ಬಣ್ಣವಿತ್ತು ಪೊದೆಯೆಂದೂ ತೋರಿಸಿದರು. ಆಡಿದಷ್ಟನ್ನು ಉಳಿಸಿಟ್ಟು ಮರುದಿನ ಮುಂದುವರಿಸುವ ಅನುಕೂಲ ಅದರಲ್ಲಿರಲಿಲ್ಲ; ಯಂತ್ರ ಆರಿದರೆ ಮತ್ತೆ ಮೊದಲಿನಿಂದ. ಹೊಸ ಆಟಗಳಿಗೆ ಒಗ್ಗಿದ ಮಗು “ಇದು ಬಹಳ ಕಷ್ಟ” ಎಂದರೆ ಅದು ಸೋಮಾರಿತನವಲ್ಲ, ಆಟವೇ ಹಾಗಿದೆ. ಈ ಕಾರಣವನ್ನು ಬಿಡಿಸಿ ಹೇಳಿದರೆ ಮಗುವಿಗೆ ಆಟದ ಜೊತೆಗೆ ಒಂದು ಪಾಠವೂ ದೊರಕುತ್ತದೆ: ಕೊರತೆಯಲ್ಲಿಯೂ ಜಾಣ್ಮೆ ಹುಟ್ಟುತ್ತದೆಂಬುದು.

ಇದಕ್ಕೂ ಹಿಂದಿನ ಆಟಗಳು ನಮ್ಮಲ್ಲಿವೆ. ಅವಕ್ಕೆ ವಿದ್ಯುತ್ತೂ ಬೇಡ. ಹುಲಿ–ಕುರಿ ಆಟಕ್ಕೆ ಬೇಕಾದುದು ನೆಲದ ಮೇಲೆ ನಾಲ್ಕಾರು ಗೆರೆ, ಸಾಮಾನ್ಯವಾಗಿ ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕುರಿಯನ್ನು ತಿನ್ನಬಲ್ಲುದು. ಕುರಿಗಳು ಒಟ್ಟಾಗಿ ನಿಂತರೆ ಹುಲಿಯನ್ನು ಕಟ್ಟಿಹಾಕಬಲ್ಲವು. ಚೌಕಾಬಾರಕ್ಕೆ 25 ಮನೆ, ನಾಲ್ಕು ಕವಡೆ. ನಾಲ್ಕೂ ತೆರೆದು ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಎಂಟು. ಕವಡೆ ಇಲ್ಲದಿದ್ದರೆ ಒಂದು ಮಗ್ಗುಲು ತೇಯ್ದ ಹುಣಿಸೆಬೀಜ ಸಾಕು. ಈ ಆಟಗಳನ್ನು ಕೀಳೆಂದು ಭಾವಿಸಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ‘ಕೌತುಕನಿಧಿ’ಯನ್ನು ಆಟಗಳಿಗೆ ಮೀಸಲಿಟ್ಟರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳ ಮೂಲಕ ಇಂಥ ಆಟಗಳ ಮಣೆ, ಹಾಸು, ಕಾಯಿಗಳನ್ನು ಜನರ ಮುಂದೆ ತಂದಿದ್ದಾರೆ.

ಇಷ್ಟು ತಿಳಿದ ಮೇಲೆ ತಂದೆತಾಯಿಗಳು ಮಾಡಬಹುದಾದುದೇನು? ಮೊದಲನೆಯದಾಗಿ, ಹಳೆಯ ಚಿತ್ರವನ್ನು ಮಗುವಿಗೆ ತೋರಿಸುವ ಮುನ್ನ ನೀವೊಬ್ಬರೇ ಒಮ್ಮೆ ನೋಡಿ. ಹೆಂಡತಿಯ ಕೆನ್ನೆಗೆ ಹೊಡೆಯುವುದನ್ನು, ಮೈಬಣ್ಣವನ್ನು, ಕುಂಟರು ತೊದಲರನ್ನು ನಗೆಯ ವಸ್ತುವಾಗಿಸಿದ ದೃಶ್ಯಗಳು ಹಲವು ಚಿತ್ರಗಳಲ್ಲಿ ಉಂಟು. ಅವನ್ನು ಮುಚ್ಚಿಡುವುದಕ್ಕಿಂತ “ಇದು ಸರಿಯೆ?” ಎಂದು ಮಗುವನ್ನೇ ಕೇಳುವುದು ಮೇಲು. ಎರಡನೆಯದಾಗಿ, ಮೂರು ಗಂಟೆಯ ಚಿತ್ರವನ್ನು ಒಂದೇ ಉಸಿರಿಗೆ ತೋರಿಸಬೇಡಿ. ಡೇರೆಯಲ್ಲಿ ನಮಗೂ ಸುರುಳಿಗೊಮ್ಮೆ ಬಿಡುವಿತ್ತು. ಆ ಬಿಡುವಿನಲ್ಲಿ, ನೀವು ಅದನ್ನು ಎಲ್ಲಿ, ಯಾರೊಡನೆ ನೋಡಿದಿರೆಂದು ಹೇಳಿ. ಮಕ್ಕಳಿಗೆ ಚಿತ್ರದ ಕಥೆಗಿಂತ ಅಪ್ಪ ಅಮ್ಮ ಚಿಕ್ಕವರಾಗಿದ್ದ ಕಥೆಯೇ ಹೆಚ್ಚು ಹಿತ. ಮೂರನೆಯದಾಗಿ, ಕೊಡು–ಕೊಳ್ಳುವುದಿರಲಿ: ನಿಮ್ಮ ಚೌಕಾಬಾರವನ್ನು ಮಗು ಒಂದು ಆಟ ಆಡಿದರೆ, ಮಗುವಿನ ಮೊಬೈಲಿನ ಆಟವನ್ನು ನೀವೂ ಒಂದು ಆಟ ಆಡಿ, ಅದರ ಕೈಯಲ್ಲಿ ಸೋಲಿ. ಬೇಡವೆಂದರೆ ಬಿಟ್ಟುಬಿಡಿ, ಇಷ್ಟಪಡದಿರುವ ಹಕ್ಕು ಮಗುವಿಗೂ ಇದೆ.

ಚುಂಚನಕಟ್ಟೆಯಲ್ಲಿ ಕಾವೇರಿ ಭೋರ್ಗರೆದು ಧುಮುಕುತ್ತಿದ್ದರೂ ಆ ಸದ್ದು ಕೋದಂಡರಾಮನ ಗರ್ಭಗುಡಿಯೊಳಗೆ ಕೇಳಿಸದೆಂದು ನಮ್ಮ ಜನ ಹೇಳುತ್ತಾರೆ. ನಮ್ಮ ಬಾಲ್ಯದ ಭೋರ್ಗರೆತವೂ ಮಕ್ಕಳಿಗೆ ತಾನಾಗಿ ಕೇಳಿಸುವುದಿಲ್ಲ. ನಾವು ಹತ್ತಿರ ಕುಳಿತು ಮೆಲ್ಲಗೆ ಹೇಳಬೇಕು.

ಹೇಳದಿದ್ದರೆ ಆಗುವ ನಷ್ಟ ಸಣ್ಣದಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿ ಇಂದು ಎಲ್ಲಿಯೂ ದೊರೆಯುವುದಿಲ್ಲ. ನೋಡುವವರೂ ಕೇಳುವವರೂ ಇಲ್ಲವಾದರೆ ಚಿತ್ರವೂ ಅಳಿಯುತ್ತದೆ, ಆಟವೂ ಮರೆಯಾಗುತ್ತದೆ. ಮುಂದಿನ ಭಾನುವಾರ ಅಂಗಳದಲ್ಲಿ ಸೀಮೆಸುಣ್ಣದಿಂದ ಇಪ್ಪತ್ತೈದು ಮನೆ ಬರೆದು ನೋಡಿ. ಕವಡೆಯನ್ನು ಮೊದಲು ಮಗುವಿನ ಕೈಗೆ ಕೊಡಿ.