ಪಾಪ, ರ‍್ಯಾಮ್‌ದು ತಪ್ಪಿಲ್ಲ

ನಾಳೆ ಓಎಸ್ ಲ್ಯಾಬ್ ಇಂಟರ್ನಲ್ಸ್. ವರ್ಚುವಲ್‌ಬಾಕ್ಸ್‌ನಲ್ಲಿ ಉಬುಂಟು ಓಪನ್ ಮಾಡಿ ಒಂದು ವಿಂಡೋ ಎಳೆದ್ರೆ, ಅದು ಮೌಸ್ ಹಿಂದೆ ತೆವಳ್ಕೊಂಡು ಬರತ್ತೆ. ಆಗ ನಾವೆಲ್ಲ ಮೊದಲು ಮಾಡೋದು ವಿಎಂಗೆ ಇನ್ನಷ್ಟು ರ‍್ಯಾಮ್ ಕೊಡೋದು. ಆದ್ರೆ ಎಷ್ಟೋ ಸಲ ತೊಂದರೆ ಅಲ್ಲಿರಲ್ಲ.

ವಿಎಂಗೆ ನಮ್ಮ ಲ್ಯಾಪ್‌ಟಾಪಿನ ಜಿಪಿಯು ನೇರವಾಗಿ ಕಾಣಲ್ಲ. ಕಾಣೋದು ಸಾಫ್ಟ್‌ವೇರ್ ಸೃಷ್ಟಿಸಿದ ನಕಲಿ ಗ್ರಾಫಿಕ್ಸ್ ಕಾರ್ಡ್. 3ಡಿ ಆಕ್ಸಲರೇಶನ್ ಆಫ್ ಇದ್ರೆ ಚಿತ್ರ ಬಿಡಿಸೋ ಕೆಲಸವೂ ಸಿಪಿಯು ತಲೆಗೇ ಬೀಳತ್ತೆ. 1920×1080 ಪರದೆ ಪೂರ್ತಿ ಬದಲಾದ್ರೆ ಪ್ರತಿ ಫ್ರೇಮಿಗೆ ಸುಮಾರು 20 ಲಕ್ಷ ಪಿಕ್ಸೆಲ್! ಉಬುಂಟು ಸೆಟ್ಟಿಂಗ್ಸ್‌ನ ಅಬೌಟ್‌ನಲ್ಲಿ, ಗ್ರಾಫಿಕ್ಸ್ ಎದುರು ‘ಎಲ್‌ಎಲ್‌ವಿಎಂಪೈಪ್’ ಅಂತಿದ್ರೆ ಇದೇ ಕಥೆ.

ಪರಿಹಾರ ಹೀಗೆ:

1. ವಿಎಂ ಶಟ್‌ಡೌನ್ ಮಾಡಿ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ವಿಡಿಯೋ ಮೆಮೊರಿ 128 ಎಂಬಿ, ಕಂಟ್ರೋಲರ್ ವಿಎಂಎಸ್‌ವಿಜಿಎ ಇಟ್ಟು, 3ಡಿ ಆನ್ ಮಾಡಿ.

2. ಉಬುಂಟು ಒಳಗೆ ಗೆಸ್ಟ್ ಅಡಿಷನ್ಸ್ ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ.

3. 3ಡಿ ಹಾಕಿದ್ಮೇಲೆ ಪರದೆ ಕಪ್ಪಾದ್ರೆ ಅದನ್ನ ಆಫ್ ಮಾಡಿ, ರೆಸಲ್ಯೂಶನ್ ಇಳಿಸಿ. ಪಿಕ್ಸೆಲ್ ಕಮ್ಮಿ ಆದಷ್ಟೂ ಸಿಪಿಯುಗೆ ಹಗುರ.

4. ವಿಎಂ ವಿಂಡೋದ ಕೆಳಗೆ ಹಸಿರು ಆಮೆ ಕಾಣ್ತಿದ್ಯಾ? ಹಾಗಿದ್ರೆ ವಿಂಡೋಸ್‌ನಲ್ಲಿ ಹೈಪರ್-ವಿ ಆನ್ ಇದೆ. ಬರೀ ಡಿಸ್‌ಪ್ಲೇ ಅಲ್ಲ, ಇಡೀ ವಿಎಂ ನಿಧಾನ ಆಗತ್ತೆ. ಅದನ್ನ ಆಫ್ ಮಾಡ್ಬಹುದು, ಆದ್ರೆ ಡಬ್ಲ್ಯುಎಸ್ಎಲ್ 2 ಕೂಡ ನಿಂತುಹೋಗತ್ತೆ.

ಏನೂ ಆಗ್ಲಿಲ್ವಾ? ಬಲಗಡೆ ಕಂಟ್ರೋಲ್ ಜೊತೆ ಎಫ್3 ಒತ್ತಿ, ಬರೀ ಅಕ್ಷರದ ಕನ್ಸೋಲ್ ಬರತ್ತೆ. ಫೋರ್ಕ್ ಪ್ರೋಗ್ರಾಂ ರನ್ ಮಾಡೋಕೆ ಗ್ರಾಫಿಕ್ಸ್ ಯಾಕೆ ಬೇಕು ಹೇಳಿ!