ದಂಡಿನ ಮಾತು, ಮಾತಿನ ದಂಡು

ದಂಡಿನ ವಿಚಾರವಾಗಿ ಮಾತನಾಡುವುದಕ್ಕೆ ನಮಗೆ ಯಾವ ಅರ್ಹತೆಯೂ ಇಲ್ಲ. ನಾವು ಕೈಯಲ್ಲಿ ಹಿಡಿದಿರುವ ಆಯುಧಗಳಲ್ಲಿ ಅತ್ಯಂತ ಹರಿತವಾದುದು ಲೇಖನಿ. ಅದೂ ಬಹುಮಟ್ಟಿಗೆ ಮೊಂಡು. ಆದರೆ ಶಬ್ದಗಳ ವಿಚಾರಕ್ಕೆ ಯಾರ ಅಪ್ಪಣೆಯೂ ಬೇಕಾಗುವುದಿಲ್ಲವಷ್ಟೆ. ಯುದ್ಧ ಮುಗಿದ ಮೇಲೆ ಸಿಪಾಯಿಗಳು ಊರಿಗೆ ಹಿಂದಿರುಗುತ್ತಾರೆ, ಅಥವಾ ಹಿಂದಿರುಗುವುದಿಲ್ಲ. ದಂಡಿನ ಜೊತೆಯಲ್ಲಿ ಹೊರಟ ಶಬ್ದಗಳು ಮಾತ್ರ ಎಲ್ಲಿಯಾದರೂ ನಿಂತು ಸಂಸಾರ ಹೂಡುತ್ತವೆ. ಅವು ಈಗ ಎಲ್ಲೆಲ್ಲಿ ನೆಲೆಸಿವೆ, ಯಾವ ಯಾವ ಕೆಲಸದಲ್ಲಿವೆ ಎಂಬುದನ್ನು ಶ್ರೋತೃಗಳ ಮುಂದೆ ಇಡುವುದೇ ನಮ್ಮ ಉದ್ದೇಶ.

ಮೊದಲು ‘ದಂಡು’ ಎಂಬ ಶಬ್ದವನ್ನೇ ನೋಡೋಣ. ಸಂಸ್ಕೃತದಲ್ಲಿ ‘ದಂಡ’ವೆಂದರೆ ಕೋಲು. ಕೋಲು ಹಿಡಿದವನು ಶಿಕ್ಷಿಸಬಲ್ಲನಾದ್ದರಿಂದ ಶಿಕ್ಷೆ. ಶಿಕ್ಷೆಗೆ ಬದಲಾಗಿ ಹಣ ತೆರಬಹುದಾದ್ದರಿಂದ ಜುಲ್ಮಾನೆ. ಎಲ್ಲಕ್ಕಿಂತ ದೊಡ್ಡ ಕೋಲು ದೊರೆಯ ಕೈಯಲ್ಲಿ ಇರುವುದರಿಂದ ಸೈನ್ಯ. ಕನ್ನಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ‘ಮಾಡಿದ ಖರ್ಚೆಲ್ಲ ದಂಡ’ ಎನ್ನುವಾಗ, ವ್ಯರ್ಥವೆಂಬ ಅರ್ಥವನ್ನೂ ಅದಕ್ಕೆ ಕೂಡಿಸಿದರು. ಅರ್ಥಸಚಿವರು ಯಾವ ದೇಶದಲ್ಲಿಯೂ ಬಾಯಿಬಿಟ್ಟು ಹೇಳಲಾರದ ಮಾತನ್ನು ನಮ್ಮ ಜನ ಹೀಗೆ ಒಂದು ಶಬ್ದದಲ್ಲಿ ಅಡಗಿಸಿಟ್ಟರು. ಬೆಂಗಳೂರಿನಲ್ಲಿ 19ನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರ ಪಡೆ ಬೀಡುಬಿಟ್ಟ ಭಾಗಕ್ಕೆ ‘ದಂಡು’ ಎಂದೇ ಹೆಸರಾಯಿತು. 1947ರಲ್ಲಿ ಇಂಗ್ಲಿಷರು ಹೊರಟುಹೋದರು. ರೈಲ್ವೆ ನಿಲ್ದಾಣದ ಹೆಸರಿನಲ್ಲಿ ದಂಡು ಉಳಿಯಿತು. ಜನರು ಟಿಕೆಟು ಕೊಂಡು ದಂಡಿಗೆ ಹೋಗಿ, ಸಂಜೆಗೆ ಕ್ಷೇಮವಾಗಿ ಹಿಂದಿರುಗುತ್ತಾರೆ.

ಇನ್ನು ದಂಡಿನ ಆಳಿಗೆ ಜಗತ್ತು ಕೊಟ್ಟಿರುವ ಹೆಸರುಗಳು. ಇವುಗಳಲ್ಲಿ ಶೌರ್ಯವನ್ನು ಹುಡುಕುವವರಿಗೆ ನಿರಾಶೆಯೇ ಗತಿ. ಇಂಗ್ಲಿಷಿನ ‘ಸೋಲ್ಜರ್’ ಎಂಬುದರ ಮೂಲ ‘ಸಾಲಿಡಸ್’. ಅದು ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನು 4ನೆಯ ಶತಮಾನದಲ್ಲಿ ಹೊರಡಿಸಿದ ಚಿನ್ನದ ನಾಣ್ಯ. ನಾಣ್ಯದ ಹೆಸರು ಸಂಬಳಕ್ಕೆ ಬಂದಿತು. ಸಂಬಳದ ಹೆಸರು ಅದನ್ನು ಪಡೆಯುವವನಿಗೆ ಅಂಟಿಕೊಂಡಿತು. ಎಂದರೆ, ಕೂಲಿಯವನು. ನಮ್ಮ ಹಿರಿಯರು ಇದನ್ನೇ ‘ಜೋಳದಪಾಳಿ’ ಎಂದರು: ಒಡೆಯನ ಜೋಳವನ್ನು ಉಂಡವನು ಆ ಋಣವನ್ನು ರಣರಂಗದಲ್ಲಿ ತೀರಿಸತಕ್ಕದ್ದೆಂಬ ಕಟ್ಟು. ರೋಮಿನಲ್ಲಿ ಚಿನ್ನ, ಕನ್ನಡ ನಾಡಿನಲ್ಲಿ ಜೋಳ. ತೆರಬೇಕಾದ ಬೆಲೆ ಮಾತ್ರ ಎರಡು ಕಡೆಯಲ್ಲಿಯೂ ಒಂದೇ.

ಕಾಲಾಳುಗಳ ಪಡೆಗೆ ‘ಇನ್‌ಫೆಂಟ್ರಿ’ ಎಂದು ಹೆಸರು. ಕೂಸು ಎಂಬರ್ಥದ ‘ಇನ್‌ಫೆಂಟ್’ ಶಬ್ದಕ್ಕೂ ಇದಕ್ಕೂ ನಂಟಿದೆಯೆಂದರೆ ನಾವು ತಮಾಷೆ ಮಾಡುತ್ತಿರುವೆವೆಂದು ಭಾವಿಸಬೇಡಿ, ನಂಟು ನಿಜವಾದುದು. ಲ್ಯಾಟಿನಿನಲ್ಲಿ ‘ಇನ್‌ಫಾನ್ಸ್’ ಎಂದರೆ ಮಾತನಾಡಲಾರದವನು. ಅದೇ ಇಟಲಿಯಲ್ಲಿ ಹುಡುಗನಾಗಿ, ಕುದುರೆಯಿಲ್ಲದೆ ನಡೆದುಹೋಗುವ ಸಿಪಾಯಿಯಾಯಿತು. ಇತ್ತ ಮಾತನಾಡು ಎಂಬರ್ಥದ ಫ್ರೆಂಚ್ ಶಬ್ದದಿಂದ ‘ಪಾರ್ಲಿಮೆಂಟ್’ ಹುಟ್ಟಿತು. ಹೀಗೆ ಯೂರೋಪಿನವರು ಕೆಲಸವನ್ನು ಹಂಚಿಕೊಂಡರು: ಮಾತು ಬಲ್ಲವರು ಯುದ್ಧವನ್ನು ಸಾರುವುದು, ಮಾತು ಬಾರದವರು ಕಾದುವುದು. ವಿರಾಟನಗರದಲ್ಲಿ ಹೀಗಿರಲಿಲ್ಲ. ಹೆಂಗಸರ ಮುಂದೆ ಪೌರುಷವನ್ನಾಡಿದ ಉತ್ತರಕುಮಾರನು ತಾನೇ ರಥವೇರಿ ಹೊರಡಬೇಕಾಯಿತು. ಕೌರವಸೇನೆ ಕಣ್ಣಿಗೆ ಬಿದ್ದೊಡನೆ ರಥದಿಂದ ಧುಮುಕಿ ಓಡಿದನು. ಮಾತನಾಡಿದವನನ್ನೇ ಯುದ್ಧಕ್ಕೆ ಕಳುಹಿಸುವ ಆ ಪದ್ಧತಿ ಮುಂದೆ ಎಲ್ಲಿಯೂ ಬೇರೂರಲಿಲ್ಲವೆಂಬುದು ಶೋಚನೀಯ.

ಅಧಿಕಾರಿಗಳ ಹೆಸರುಗಳ ವಿಷಯವನ್ನು ಬೇಗನೆ ಮುಗಿಸೋಣ. ‘ಜನರಲ್’ ಎಂದರೆ ಸಾಮಾನ್ಯ, ‘ಪ್ರೈವೇಟ್’ ಎಂದರೆ ಖಾಸಗಿ. ದಂಡಿನಲ್ಲಿ ಅತ್ಯಂತ ಅಸಾಮಾನ್ಯನಾದವನು ಸಾಮಾನ್ಯನೆನಿಸಿಕೊಳ್ಳುತ್ತಾನೆ. ಹಾಸಿಗೆ, ಊಟ, ನಿದ್ರೆ ಒಂದೂ ತನ್ನದಲ್ಲದವನು ಖಾಸಗಿಯೆನಿಸಿಕೊಳ್ಳುತ್ತಾನೆ.

ಹಿಂದೀ ಸೀಮೆಯವರ ‘ಜವಾನ್’ ಪಾರಸಿಯಿಂದ ಬಂದುದು. ನಮ್ಮ ‘ಯುವನ್’ ಶಬ್ದಕ್ಕೆ ಸೋದರ. ದೆಹಲಿಯಲ್ಲಿ ಜವಾನನೆಂದರೆ ಗಡಿ ಕಾಯುವವನು. ಅದೇ ಜವಾನ ಕನ್ನಡ ನಾಡಿಗೆ ಬಂದರೆ ಕಚೇರಿಯ ಬಾಗಿಲಲ್ಲಿ ಮುಕ್ಕಾಲಿಯ ಮೇಲೆ ಕುಳಿತಿರುತ್ತಾನೆ. ಗಂಟೆಯ ಸದ್ದಿಗೆ ಎದ್ದು ಕಡತವನ್ನು ಈ ಮೇಜಿನಿಂದ ಆ ಮೇಜಿಗೆ ಸಾಗಿಸುತ್ತಾನೆ. ಅವನಿಗೆ ‘ಪ್ಯೂನ್’ ಎಂಬ ಹೆಸರೂ ಉಂಟು. ಇದೂ ಪೋರ್ಚುಗೀಸರ ಭಾಷೆಯಲ್ಲಿ ಕಾಲಾಳಿನ ಹೆಸರೇ. ಚದುರಂಗದ ಮಣೆಯ ಮೇಲೆ ಮೊದಲು ಸಾಯುವ ‘ಪಾನ್’ ಇದರ ದಾಯಾದಿ. ಇನ್ನು ಕುದುರೆಯ ಪಡೆಯ ದಫೇದಾರನೋ, ಕುದುರೆಯನ್ನು ಎಲ್ಲಿಯೋ ಬಿಟ್ಟು, ಎದೆಗೆ ಅಡ್ಡಪಟ್ಟಿ ತೊಟ್ಟು ಜಿಲ್ಲಾಧಿಕಾರಿಗಳ ಕೊಠಡಿಯ ಮುಂದೆ ನಿಂತಿದ್ದಾನೆ. ಮೊಗಲರ ಕಾಲದಲ್ಲಿ ಒಂದು ಇಡೀ ಪ್ರಾಂತವನ್ನು, ಎಂದರೆ ಸುಬೆಯನ್ನು, ಆಳುತ್ತಿದ್ದ ಸುಬೇದಾರನು ಇಂಗ್ಲಿಷರ ದಂಡಿಗೆ ಸೇರಿ, ನಿನ್ನೆ ಮೊನ್ನೆ ಹಡಗಿಳಿದ ಮೀಸೆ ಮೂಡದ ಬಿಳಿಯ ಅಧಿಕಾರಿಗೆ ಸಲಾಮು ಹೊಡೆಯುವವನಾದನು.

ನಮ್ಮ ಮೈಸೂರಿನದೇ ಒಂದು ನಿದರ್ಶನವಿದೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಊರೂರಿನ ಕಾವಲಿಗೆ ಇದ್ದ ಆಯುಧಧಾರಿ ಆಳುಗಳ ಇಲಾಖೆಗೆ ‘ಕಂದಾಚಾರ’ವೆಂದು ಹೆಸರಿತ್ತು. ಈಗ ಆ ನಾಲ್ಕು ಅಕ್ಷರಗಳನ್ನು ಉಚ್ಚರಿಸಿದರೆ, ಅರ್ಥ ತಿಳಿಯದೆ ನಡೆಸಿಕೊಂಡು ಬಂದ ಕುರುಡು ಆಚಾರವೆಂದು ಜನ ತಿಳಿಯುತ್ತಾರೆ. ಕವಾಯತನ್ನು ದೂರದಿಂದ ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಇದೆಲ್ಲ ನಗುವ ಮಾತಾಯಿತು. ಆದರೆ ಕಚೇರಿ ಸೇರಿದ ಶಬ್ದಗಳಿಂದ ಯಾರಿಗೂ ಕೇಡಿಲ್ಲ; ದಂಡಿನಲ್ಲಿಯೇ ಉಳಿದುಕೊಂಡ ಶಬ್ದಗಳನ್ನು ಸ್ವಲ್ಪ ಎಚ್ಚರಿಕೆಯಿಂದ ನೋಡಬೇಕು. ಅವುಗಳ ಉದ್ಯೋಗವೇ ಬೇರೆ: ಸತ್ತವರನ್ನು ಮರೆಮಾಡುವುದು. ಎಣಿಕೆಯಿಂದಲೇ ಈ ಕೆಲಸ ಆರಂಭವಾಗುತ್ತದೆ. ಒಂದು ಅಕ್ಷೌಹಿಣಿಯೆಂದರೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಕುರುಕ್ಷೇತ್ರದಲ್ಲಿ ಕೂಡಿದ್ದು 18 ಅಕ್ಷೌಹಿಣಿ. ಕಾಲಾಳುಗಳೇ 19,68,300 ಮಂದಿ. ಯುದ್ಧ ಮುಗಿದಾಗ ಉಳಿದವರ ಪಟ್ಟಿಯನ್ನು ಓದಿದರೆ ಐವರು ಪಾಂಡವರು, ಕೃಷ್ಣ, ಸಾತ್ಯಕಿ. ಆ ಕಡೆ ಕೃಪ, ಕೃತವರ್ಮ, ಅಶ್ವತ್ಥಾಮ. ಎಲ್ಲರೂ ರಥಿಕರೇ. ‘ಅಕ್ಷೌಹಿಣಿ’ ಎಂದು ಗಂಭೀರವಾಗಿ ಉಚ್ಚರಿಸುವ ನಮ್ಮ ನಾಲಗೆಗೆ ಆ ಹತ್ತೊಂಬತ್ತು ಲಕ್ಷ ತಾಯಂದಿರು ಅಡ್ಡ ಬರುವುದಿಲ್ಲ.

ಯುದ್ಧದ ಸುಳ್ಳಿಗೂ ಆದಿ ಅಲ್ಲಿಯೇ. ಸತ್ತುದು ಅಶ್ವತ್ಥಾಮನೆಂಬ ಆನೆ. ಧರ್ಮರಾಯನು ಹೆಸರನ್ನು ಗಟ್ಟಿಯಾಗಿ ಹೇಳಿ, ಆನೆಯೆಂಬುದನ್ನು ಮೆಲ್ಲಗೆ ಹೇಳಿದನು. ನೆಲದಿಂದ ನಾಲ್ಕು ಅಂಗುಲ ಮೇಲೆ ಓಡುತ್ತಿದ್ದ ಅವನ ರಥ ಆ ಕ್ಷಣದಲ್ಲಿ ಭೂಮಿಗೆ ತಗುಲಿತು. ಈಚಿನ ಕಾಲದಲ್ಲಿ ಯುದ್ಧಪ್ರಕಟನೆಗಳನ್ನು ಬರೆಯುವವರಿಗೆ ಈ ಭಯವಿಲ್ಲ. ಅವರ ವಾಹನಗಳು ಮೊದಲಿನಿಂದಲೂ ನೆಲದ ಮೇಲೆಯೇ ಓಡುತ್ತಿವೆ. ಎರಡನೆಯ ಮಹಾಯುದ್ಧದ ಪ್ರಕಟನೆಗಳಲ್ಲಿ ಯಾವ ಸೈನ್ಯವೂ ಓಡಿಹೋಗಲಿಲ್ಲ. ‘ಮೊದಲೇ ಸಿದ್ಧಪಡಿಸಿದ್ದ ನೆಲೆಗಳಿಗೆ ಯೋಜನೆಯ ಪ್ರಕಾರ ಸರಿಯಿತು’. ಸತ್ತವರೂ ಗಾಯಗೊಂಡವರೂ ‘ಕ್ಯಾಶುಯಲ್ಟಿ’ಗಳಾದರು. ಆ ಶಬ್ದದ ಮೂಲಾರ್ಥ ಆಕಸ್ಮಿಕ. ವರ್ಷಗಟ್ಟಲೆ ಸಿದ್ಧತೆ ಮಾಡಿ, ಕಾರ್ಖಾನೆಗಳಲ್ಲಿ ಗುಂಡು ತಯಾರಿಸಿ, ಗುರಿಯಿಟ್ಟು ಹೊಡೆದ ಮೇಲೆ ಆದುದು ಆಕಸ್ಮಿಕ! ಕನ್ನಡದ ‘ಸಾವುನೋವು’ ಎಷ್ಟೋ ವಾಸಿ. ಅದರಲ್ಲಿ ಸಾವೂ ಇದೆ, ನೋವೂ ಇದೆ.

ಇಲಾಖೆಗಳ ಹೆಸರೂ ಹೀಗೆಯೇ ಬದಲಾಯಿತು. ಅಮೆರಿಕದವರು 1789ರಿಂದ ಇದ್ದ ಯುದ್ಧ ಇಲಾಖೆಯನ್ನು 1947ರಲ್ಲಿ ಮುಗಿಸಿ, 1949ರಲ್ಲಿ ‘ರಕ್ಷಣಾ ಇಲಾಖೆ’ ಎಂಬ ಹೆಸರನ್ನು ತಂದರು. ಇಂಗ್ಲೆಂಡಿನ ಯುದ್ಧಕಚೇರಿ 1964ರಲ್ಲಿ ರಕ್ಷಣಾ ಸಚಿವಾಲಯದಲ್ಲಿ ಲೀನವಾಯಿತು. ಅಂದಿನಿಂದ ಭೂಮಂಡಲದಲ್ಲಿ ರಕ್ಷಿಸುವವರೇ ಹೊರತು ದಾಳಿಮಾಡುವವರೇ ಇಲ್ಲ. ಆದರೂ ಯುದ್ಧಗಳು ಹೇಗೋ ನಡೆಯುತ್ತಿವೆ. 2025ರಲ್ಲಿ ಅಮೆರಿಕದ ಅಧ್ಯಕ್ಷರು ಯುದ್ಧ ಇಲಾಖೆಯೆಂಬ ಹಳೆಯ ಹೆಸರನ್ನು ಉಪನಾಮವಾಗಿ ಬಳಸಲು ಆಜ್ಞೆ ಹೊರಡಿಸಿದರು. ಅವರ ಉದ್ದೇಶವೇನೇ ಇರಲಿ, ನಿಘಂಟಿನ ಮಟ್ಟಿಗೆ ಅದೊಂದು ಪ್ರಾಮಾಣಿಕ ಕಾರ್ಯವೆಂದೇ ನಮ್ಮ ಅಭಿಪ್ರಾಯ.

ನಮ್ಮ ನಾಡಿನ ವೀರಗಲ್ಲುಗಳನ್ನು ಬರೆಯಿಸಿದವರು ಇಷ್ಟು ಜಾಣರಾಗಿರಲಿಲ್ಲ. ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವುದನ್ನು ಕೆತ್ತಿಸಿದರು, ನಿಜ. ಆದರೆ ಅದಕ್ಕೆ ಮೊದಲು, ಇಂಥವನು ಕಾದಿ ಸತ್ತನೆಂದು ಒಪ್ಪಿಕೊಂಡರು. ಬೆಂಗಳೂರಿನ ಬೇಗೂರಿನಲ್ಲಿ 9ನೆಯ ಶತಮಾನದ ಕೊನೆಯ ಸುಮಾರಿನ, ಗಂಗರ ಕಾಲದ, ಅಂಥದೊಂದು ಶಾಸನವಿದೆ. ಬೆಂಗಳೂರೆಂಬ ಹೆಸರು ನಮಗೆ ಮೊಟ್ಟಮೊದಲು ಬರಹದಲ್ಲಿ ದೊರೆಯುವುದು ಅದರಲ್ಲಿಯೇ; ಬೆಂಗಳೂರಿನ ಕಾಳಗದಲ್ಲಿ ಬುಟ್ಟಣಸೆಟ್ಟಿಯೆಂಬವನು ಮಡಿದ ಸಂಗತಿಯನ್ನು ತಿಳಿಸುವಾಗ. ಆ ಕಾಳಗದಲ್ಲಿ ಎದುರಾಳಿಗಳು ಯಾರು, ಕಾರಣವೇನು, ಗೆದ್ದವರಾರು ಎಂಬುದೊಂದನ್ನೂ ಕಲ್ಲು ಹೇಳುವುದಿಲ್ಲ. ಊರಿನ ಹೆಸರಿದೆ, ಆಳಿನ ಹೆಸರಿದೆ, ‘ಸತ್ತಂ’ ಎಂಬ ಕ್ರಿಯಾಪದವಿದೆ.