ಕೆರೆ ಏರಿ ಮೇಲೆ ಟೇಪು ಹಿಡಿದ ಹುಡುಗರು: ಅಳತೆ ಯಾಕೆ, ನಕ್ಷೆ ಹೇಗೆ?

ಕೆರೆ ಏರಿ ಮೇಲೆ ಟೇಪು, ನೋಟ್‌ಬುಕ್ ಹಿಡಿದ ಕಾಲೇಜು ಹುಡುಗ-ಹುಡುಗಿಯರು ಕಂಡರೆ ಪಕ್ಕದ ಅಂಗಡಿಯವರಿಗೆ ಮೊದಲು ಬರೋ ಅನುಮಾನ ಒಂದೇ: 'ರೋಡ್ ಅಗಲ ಮಾಡ್ತಾರಾ, ಅಂಗಡಿ ಎತ್ತಿಸ್ತಾರಾ?' ಸಾಮಾನ್ಯವಾಗಿ ಅಂಥದ್ದೇನೂ ಇರೋದಿಲ್ಲ. ಆರ್ಕಿಟೆಕ್ಚರ್ ಐದು ವರ್ಷದ ಕೋರ್ಸ್. ಕೊನೆಯ ವರ್ಷ ವಿದ್ಯಾರ್ಥಿ ಒಂದು ಜಾಗ ಆರಿಸಿಕೊಂಡು ಪೂರ್ತಿ ಪ್ರಾಜೆಕ್ಟ್ ಮಾಡಬೇಕು. ಕೆರೆ ದಂಡೆ, ಹೊಳೆ ದಂಡೆ ಆರಿಸುವವರೂ ಇದ್ದಾರೆ. ಆ ನಕ್ಷೆಗೆ ಸರ್ಕಾರಿ ಮುದ್ರೆ ಇಲ್ಲ, ಅದರಿಂದ ಯಾರ ಅಂಗಡಿಯೂ ಹೋಗೋದಿಲ್ಲ. ಅನುಮಾನವಿದ್ದರೆ ಕಾಲೇಜಿನ ಪತ್ರ ಕೇಳಬಹುದು.

ಮೊದಲ ಸ್ಕೆಚ್ ಹೆಚ್ಚಾಗಿ ಒಂದೇ ಥರ ಇರುತ್ತೆ. ಅರ್ಧಚಂದ್ರದ ಮೆಟ್ಟಿಲು, ವಾಕಿಂಗ್ ಪಾತ್, ಫುಡ್ ಕೋರ್ಟ್, ನೀರಿನ ಮೇಲೆ ಚಾಚಿದ ಒಂದು ಅಟ್ಟಣೆ. ಮೊಬೈಲಿನಲ್ಲಿ ನೋಡಿದ ಚಿತ್ರಗಳ ಪ್ರಭಾವ ಅದು. ಆ ಸ್ಕೆಚ್ ಪಕ್ಕಕ್ಕಿಟ್ಟ ಮೇಲೇ ನಿಜವಾದ ಕೆಲಸ ಶುರು.

ಕೆಲಸ ಶುರುವಾಗೋದು ಕೋಡಿಯಿಂದ. ಕೆರೆ ತುಂಬಿ ನೀರು ಹೊರಗೆ ಹೋಗುವ ಮಟ್ಟ ಅದೇ. ಜೋರು ಮಳೆಯಲ್ಲಿ ಕೋಡಿಗಿಂತ ಇನ್ನಷ್ಟು ಮೇಲಕ್ಕೂ ನೀರು ಏರುತ್ತೆ. ದುಬಾರಿ ಯಂತ್ರ ಇಲ್ಲದವರು ಗಾರೆ ಕೆಲಸದವರ ಹಾಗೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಕೋಡಿ ಮಟ್ಟವನ್ನು ಹಂತ ಹಂತವಾಗಿ ದಂಡೆ ಸುತ್ತ ಗುರುತು ಮಾಡ್ತಾರೆ. ಏರಿ ಕಡೆ ಇದು ಸುಲಭ. ಹಿನ್ನೀರಿನ ಕಡೆ ನೆಲ ಚಪ್ಪಟೆ. ನೂರು ಅಡಿಗೆ ಒಂದು ಅಡಿ ಇಳಿಜಾರಿದ್ದರೆ, ನೀರು ಒಂದು ಅಡಿ ಏರಿದರೂ ದಂಡೆ ನೂರು ಅಡಿ ಒಳಕ್ಕೆ ಬರುತ್ತೆ. ಚಂದದ ಬೆಂಚು, ಮಕ್ಕಳ ಜಾರುಬಂಡಿ ಎಲ್ಲ ಆ ನೂರು ಅಡಿಯೊಳಗೇ ಬಿದ್ದಿರುತ್ತೆ!

ಇಲ್ಲಿಗೆ ಅರ್ಧ ಡಿಸೈನ್ ಬದಲಾಗುತ್ತೆ. ಮಳೆಗಾಲದಲ್ಲಿ ಮುಳುಗಬಹುದಾದದ್ದು ಯಾವುದು, ಮುಳುಗಬಾರದ್ದು ಯಾವುದು ಅಂತ ಬೇರೆ ಮಾಡಬೇಕು. ಮೆಟ್ಟಿಲು ಮುಳುಗಲಿ, ಶೌಚಾಲಯ ಮುಳುಗಬಾರದು. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಪುಷ್ಕರಣಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಮೆಟ್ಟಿಲು ತಳದವರೆಗೂ ಇಳಿಯುವುದರಿಂದ ನೀರು ಎಷ್ಟೇ ಇರಲಿ, ಅಂಚಿಗೊಂದು ಮೆಟ್ಟಿಲು ಸಿಕ್ಕೇ ಸಿಗುತ್ತೆ.

ನಂತರ ಜನರ ಲೆಕ್ಕ. ಬೆಳಿಗ್ಗೆ 6ಕ್ಕೆ ವಾಕಿಂಗ್‌ನವರು, ಆಮೇಲೆ ಬಟ್ಟೆ ಒಗೆಯೋರು, ಮಧ್ಯಾಹ್ನ ದನ-ಎಮ್ಮೆ, ಸಂಜೆ ಚುರುಮುರಿ ಗಾಡಿ, ವರ್ಷಕ್ಕೊಮ್ಮೆ ಗಣಪತಿ ವಿಸರ್ಜನೆ. ಯಾರು ಎಲ್ಲಿಂದ ನೀರಿಗೆ ಇಳೀತಾರೆ ಅಂತ ಟ್ರೇಸಿಂಗ್ ಹಾಳೆಯಲ್ಲಿ ಬಣ್ಣ ಬಣ್ಣದ ಗೆರೆ ಎಳೆದು ನಕ್ಷೆ ಮೇಲೆ ಇಡ್ತಾರೆ. ಗೆರೆಗಳು ಒಂದರ ಮೇಲೊಂದು ಬಿದ್ದ ಕಡೆ ಜಗಳದ ಜಾಗ. ಸುತ್ತ ಟೈಲ್ಸ್ ಹಾಕಿ ಗ್ರಿಲ್ ಹಾಕಿದರೆ ಎಮ್ಮೆ ಎಲ್ಲಿ ನೀರಿಗಿಳಿಯಬೇಕು? ಇಂಥ ಪ್ರಶ್ನೆ ಕೇಳಿಕೊಂಡ ನಕ್ಷೆಗೂ ಕೇಳಿಕೊಳ್ಳದ ನಕ್ಷೆಗೂ ಬಹಳ ವ್ಯತ್ಯಾಸ.

ಕಾಲೇಜಿನಲ್ಲಿ ಜ್ಯೂರಿ ಅಂತ ಇರುತ್ತೆ. ಗೋಡೆಗೆ ಹಾಳೆ ಅಂಟಿಸಿ, ರಟ್ಟಿನ ಮಾದರಿ ಇಟ್ಟು, ಮೇಷ್ಟ್ರುಗಳ ಮುಂದೆ ನಿಂತು ಉತ್ತರ ಹೇಳಬೇಕು. ಏರಿ ಮೇಲೆ ಸಾಲು ಮರ ತೋರಿಸಿದವರು ಇಲ್ಲಿ ಸಿಕ್ಕಿಬೀಳ್ತಾರೆ. ಮರದ ಬೇರು ಕೊಳೆತ ಮೇಲೆ ಮಣ್ಣಿನೊಳಗೆ ಉಳಿಯುವ ಟೊಳ್ಳಿನಲ್ಲಿ ನೀರು ಜಿನುಗಿ ಏರಿ ದುರ್ಬಲವಾಗುತ್ತೆ. ಫುಡ್ ಕೋರ್ಟಿನದೂ ಇದೇ ಕಥೆ. ಕೆರೆ ಗಡಿಯಿಂದ 30 ಮೀಟರ್ ಒಳಗೆ ವಾಣಿಜ್ಯ ಕಟ್ಟಡ ಬೇಡ ಎಂದು ರಾಜ್ಯದ 2014ರ ಕೆರೆ ಸಂರಕ್ಷಣೆ ಕಾಯ್ದೆ ಹೇಳಿತ್ತು. ಆ ಅಂತರ ಕಡಿಮೆ ಮಾಡುವ ತಿದ್ದುಪಡಿ ಪ್ರಯತ್ನ ಇತ್ತೀಚೆಗೆ ನಡೆದಿದೆ. ಹಾಗಾಗಿ ಹಾಳೆ ಹರಿದು ಮತ್ತೆ ಬರೆಯೋದು ಮಾಮೂಲು.

ಇಷ್ಟರಲ್ಲಿ ವಿದ್ಯಾರ್ಥಿಗೆ ಗೂಗಲ್ ಮ್ಯಾಪ್ ಕೊಡದ ಮಾಹಿತಿ ಒಂದಿದೆ. ದೊಡ್ಡ ಮಳೆಯ ವರ್ಷ ನೀರು ಯಾವ ಅಂಗಡಿಯ ಮೆಟ್ಟಿಲ ತನಕ ಬಂತು, ಯಾವ ಮೋರಿ ಕಟ್ಟಿತ್ತು, ತೂಬು ಕೊನೆಗೆ ತೆಗೆದದ್ದು ಯಾವಾಗ. ಅದು ಹಳೇ ಅಂಗಡಿಯವರಿಗೆ, ನೀರಗಂಟಿಗೆ ಗೊತ್ತು. ಗೋಡೆ ಮೇಲೆ ನೀರಿನ ಗುರುತು ಇದ್ದರೆ ತೋರಿಸಿದರೆ ಸಾಕು, ಅಳತೆ ಅವರೇ ತಗೋತಾರೆ. ಮುಗಿದ ಮೇಲೆ ಒಂದು ಪ್ರತಿ ಕೇಳಿಟ್ಟುಕೊಳ್ಳೋದೂ ಒಳ್ಳೇದು. ಅಷ್ಟು ಅಳತೆ ಮಾಡಿದ ನಕ್ಷೆ ಕಾಲೇಜಿನ ಬೀರುವಿನಲ್ಲೇ ಉಳಿದುಬಿಡಬಹುದು. ಪಂಚಾಯ್ತಿ ಅಥವಾ ಪುರಸಭೆ ನಾಳೆ ಕೆರೆ ಕಾಮಗಾರಿ ಎತ್ತಿಕೊಂಡರೆ, ನೀರಿನ ಗುರುತು ಎಲ್ಲಿದೆ ಅಂತ ತೋರಿಸೋಕೆ ಊರವರ ಕೈಯಲ್ಲಿ ಒಂದು ಕಾಗದ ಇರುತ್ತೆ.